ಮಗ್ಗದ ಮನೆಯ ದನಿ

ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತಿದವಳೇ ಮೊಬೈಲ್ ತೆಗೆದು ಎ, ಡಿ, ಇ, ಜಿ, ಎನ್, ಆರ್ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕುವ ಆಟಕ್ಕೆ ಕೂತೆ. ಪಕ್ಕದ ಹೆಂಗಸು ಇಣುಕಿ, "ರೇಂಜ್" ಅಂದರು. ಬೋಗಿಯವರೆಲ್ಲ ತಿರುಗಿ ನೋಡಿದರು, ಅಷ್ಟು ಜೋರು ದನಿ.

"ತಪ್ಪು ತಿಳ್ಕೋಬೇಡಿ. ಮನೇಲಿ ಮಗ್ಗ ಓಡ್ತಾನೇ ಇರುತ್ತೆ. ಕೂಗ್ಬೇಕು, ಇಲ್ಲಾ ಬರೀ ತುಟಿ ಆಡಿಸ್ಬೇಕು" ಎಂದು ನಕ್ಕರು.

ಆರೂ ಅಕ್ಷರ ಸೇರುವ ಪದ ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಯಲಹಂಕದಲ್ಲಿ ಅವರು ಇಳಿದರು. ರೈಲು ಹೊರಡುವಾಗ ಕಿಟಕಿಯಾಚೆ ನಿಂತು, ನನ್ನ ಮುಜುಗರ ನೆನೆದೋ ಏನೋ, ಸದ್ದಿಲ್ಲದೆ ತುಟಿ ಆಡಿಸಿದರು. ನನಗೆ ತಿಳಿಯಲಿಲ್ಲ.

ಎದುರು ಸೀಟಿನಲ್ಲಿ ಅಲ್ಲಿವರೆಗೂ ಬಾಯಿ ಬಿಡದೆ ಕೂತಿದ್ದ ಅಜ್ಜ ಕೂಗಿದರು: "ಗಾರ್ಡನ್ ಅಂತೆ ಕಣಮ್ಮ."

ಬೋಗಿಯವರೆಲ್ಲ ಮತ್ತೆ ತಿರುಗಿದರು. ನಿಮ್ಮನೇಲೂ ಮಗ್ಗ ಇದೆಯಾ ಅಂತ ನಾನು ಕೇಳಲಿಲ್ಲ.