ಸೂರಿಗೆ ಸೂರು ತಾಗದ ಶೆಡ್ಡು

ಮೊನ್ನೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಬೀದಿಯಲ್ಲಿ ಬರುತ್ತಿದ್ದಾಗ ಅಂಗಡಿಯೊಂದರ ಮುಂದೆ ಬೇವಿನ ಹಿಂಡಿಯ ಚೀಲ ಹರಿದು ಚೆಲ್ಲಿತ್ತು. ಬಿಸಿಲಿಗೆ ಅದರ ಕಹಿ ಘಾಟು ಬೀದಿಯ ತುಂಬ ಹರಡಿತ್ತು. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಾನು ನಿಂತೆ. ನಮ್ಮ ಪಕ್ಕದ ಮನೆಯ ಅಕ್ಕನ ಸೆರಗಿನಲ್ಲಿ ಯಾವಾಗಲೂ ಇರುತ್ತಿದ್ದ ವಾಸನೆ ಅದು. ಕೊನೆಯ ವರ್ಷಗಳಲ್ಲಿ ಇರಲಿಲ್ಲ...

ಅಕ್ಕನ ತವರು ಬಿ.ಜಿ. ಕೆರೆ. ಗಂಡ ಕುದಾಪುರದ ಕಡೆಯ ಕ್ಯಾಂಪಸ್ಸೊಂದರಲ್ಲಿ ಡ್ರೈವರ್. ಅವನ ಹಿರಿಯರು ಕುರಿ ಕಾಯ್ದವರು. ತಾಯಿ ಇನ್ನೂ ಹಟ್ಟಿಯಲ್ಲೇ ಇದ್ದರು. ಆ ಹಟ್ಟಿಯಲ್ಲಿ ಮುಟ್ಟಾದ ಹೆಂಗಸರು ಮನೆಯೊಳಗೆ ಇರುವಂತಿರಲಿಲ್ಲ. ಊರಾಚೆಯ ಗುಡಿಸಲಲ್ಲಿ ದಿನ ಕಳೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕಿತ್ತು. ಅಕ್ಕನ ತವರಿನಲ್ಲೂ ಅದೇ ಪದ್ಧತಿ. ಮದುವೆಯಾಗಿ ಪೇಟೆಯ ಮನೆಗೆ ಬಂದ ಮೇಲೆ ಅದು ತಾನಾಗಿ ನಿಂತಿತ್ತು. ಯಾರೂ ಬಿಡಿ ಎಂದಿರಲಿಲ್ಲ. ಕೂರಲು ಬೇರೆ ಜಾಗವಿರಲಿಲ್ಲ, ಅಷ್ಟೆ.

ಮನೆಯ ಹಿಂದೆ ಹಿತ್ತಲಿತ್ತು. ಕೆಂಪು ಮಣ್ಣು, ಉಪ್ಪು ನೀರು. ಅಂಥದ್ದರಲ್ಲಿ ಅಕ್ಕ ಕರಿಬೇವು, ನುಗ್ಗೆ, ಹೀರೆ, ಒಂದು ವೀಳ್ಯದೆಲೆಯ ಬಳ್ಳಿ ಎಬ್ಬಿಸಿದ್ದಳು. ಗುದ್ದಲಿ, ಕುಡುಗೋಲು ಮಂಚದ ಕೆಳಗಿದ್ದವು. ಗೊಬ್ಬರಕ್ಕೆಂದು ತಂದ ಬೇವಿನ ಹಿಂಡಿಯ ಚೀಲ ಅಡುಗೆಮನೆಯ ಮೂಲೆಯಲ್ಲಿತ್ತು. "ಅನ್ನಾನೂ ಬೇವಿನ ವಾಸ್ನೆ ಹೊಡೀತೈತೆ" ಎಂದು ಗಂಡ ಗೊಣಗುತ್ತಿದ್ದ. ಹಾಗೆ ಹುಟ್ಟಿದ್ದು ಶೆಡ್ಡಿನ ಯೋಚನೆ.

ನಾನು ಆಗ ಪತ್ರಿಕೆಯೊಂದಕ್ಕೆ ತಾಲ್ಲೂಕಿನ ಸುದ್ದಿ ಬರೆಯುತ್ತಿದ್ದೆ. ಅಕ್ಕ ನನ್ನನ್ನು ಕಾಂಪೌಂಡಿನ ಮೇಲಿಂದ ಕೂಗಿ ಕರೆದಳು. "ಬಾರೆ ಪೇಪರ್ನೋಳೆ, ನಿನ್ನ ಕಣ್ಣಿಗೆ ಹೆಂಗೆ ಕಾಣ್ತೈತೆ ಹೇಳು." ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇದ್ದಿಲಿನಿಂದ ಶೆಡ್ಡಿನ ನಕ್ಷೆ ಬರೆದಿದ್ದಳು. ಆಮೇಲೆ ಗುದ್ದಲಿಯ ಮೂಲೆಯಿಂದ ನೆಲದಲ್ಲಿ ಗೆರೆ ಎಳೆದು, ಆ ಗೆರೆಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿದಳು. ಮನೆಯ ಗೋಡೆಗೇ ಒರಗಿಸಿ ಕಟ್ಟಿದರೆ ಖರ್ಚು ಕಡಿಮೆಯೆಂದು ಗಾರೆಯವನು ಹೇಳಿದ. ಅವಳು ಒಪ್ಪಲಿಲ್ಲ. ಹಿಂಡಿಯ ಘಾಟು ಮನೆಗೆ ಬರಬಾರದು, ಮಧ್ಯೆ ಗಾಳಿ ಆಡಬೇಕು ಎಂದಳು.

"ಏನಕ್ಕ, ಗುದ್ದಲಿಗೆ ಬೇರೆ ಮನೇನಾ? ಗೃಹಪ್ರವೇಶಕ್ಕೆ ನಮ್ನೂ ಕರಿ" ಎಂದು ಅವನು ಛೇಡಿಸಿದ.

"ಕರೀತೀನಿ ಬಾ. ಗುದ್ದಲಿನೇ ಬಾಗಿಲಾಗೆ ನಿಂತು ಕಾಲಿಗೆ ನೀರು ಕೊಡ್ತೈತೆ" ಎಂದಳು ಅಕ್ಕ.

ತಗಡಿನ ಶೀಟುಗಳು ಗುಜರಿಯಲ್ಲಿ ಸಿಕ್ಕವು. ಕ್ಯಾಂಪಸ್ಸು ಕಟ್ಟುವಾಗ ಕೂಲಿಯವರು ಬಿಡಾರ ಹಾಕಿದ್ದ ಶೀಟುಗಳಂತೆ. ಅರ್ಧ ಗೋಡೆ ಇಟ್ಟಿಗೆ, ಮೇಲೆ ತಗಡು. ತೇಳು ಬರದಂತೆ ನೆಲಕ್ಕೆ ಸಿಮೆಂಟು. ಗಾಳಿಗೊಂದು ಕಿಟಕಿ, ಕೈ ತೊಳೆಯಲು ಹೊರಗೊಂದು ನಲ್ಲಿ. ಒಳಗಿನ ಜೋಡಣೆ ಪೂರ್ತಿ ಅವಳದೇ. ಹಳೆಯ ಸೈಕಲ್ ರಿಮ್ಮನ್ನು ಗೋಡೆಗೆ ಹೊಡೆದು ನೀರಿನ ಪೈಪು ಸುತ್ತಿಟ್ಟಳು. ಬೂದಿ ಬೆರೆಸಿದ ಬಿತ್ತನೆ ಬೀಜ ಗಾಜಿನ ಸೀಸೆಗಳಲ್ಲಿ ಹಲಗೆಯ ಮೇಲೆ ಕೂತವು. ಕುಡುಗೋಲು ಪುಟ್ಟ ಮಗಳಿಗೆ ಎಟುಕದ ಎತ್ತರದಲ್ಲಿ. ಪ್ರತಿ ಮೊಳೆಯ ಕೆಳಗೂ ಅಲ್ಲಿ ತೂಗಬೇಕಾದ ಸಾಮಾನಿನ ಆಕಾರವನ್ನು ಇದ್ದಿಲಿನಲ್ಲಿ ಬರೆದಳು, ಗಂಡ ತೆಗೆದದ್ದನ್ನು ಅಲ್ಲಿಗೇ ತಂದಿಡಲಿ ಎಂದು. ಅವಳ ಸಂತೋಷ ನನಗೆ ಚೆನ್ನಾಗಿ ನೆನಪಿದೆ. ಆ ಮನೆಯಲ್ಲಿ ಅವಳು ಹೇಳಿದಂತೆ ಆದದ್ದು ಅದೊಂದೇ.

ಕಣ್ಣಿನ ಪೊರೆ ತೆಗೆಸಲು ಹಟ್ಟಿಯಿಂದ ಅತ್ತೆ ಬಂದರು. ಪಟ್ಟಿ ಬಿಚ್ಚಿದ ಮೇಲೆ ಹಿತ್ತಲಿಗೆ ಬಂದು ಶೆಡ್ಡನ್ನು ಒಂದು ಸುತ್ತು ಹಾಕಿ ನೋಡಿದರು. ಮನೆಯ ಸೂರು ಮುಗಿದು ತಗಡು ಶುರುವಾಗುವಲ್ಲಿ ನಿಂತು, ನಡುವಿನ ಸಂದಿಯಲ್ಲಿ ಕೋಲು ಆಡಿಸಿದರು. ನಾನು ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ.

"ಸೂರಿಗೆ ಸೂರು ತಾಗಿಲ್ಲ. ಒಳ್ಳೆ ಕೆಲ್ಸ ಮಾಡ್ದೆ ಕಣವ್ವ. ಪ್ಯಾಟೆ ಮನ್ಯಾಗೆ ಹೊರಗೆ ಕೂರಾಕೆ ಜಾಗ ಎಲ್ಲೈತೆ ಅಂತ ಇಷ್ಟ್ ದಿನ ದೇವ್ರಿಗೆ ತಪ್ಪುಗಾಣ್ಕೆ ಕಟ್ಟಿಕ್ಕಿ ಸುಮ್ನಿದ್ದೆ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಮೆಚ್ಚಿದ್ದರು.

ಮುಂದಿನ ಸಲ ಮುಟ್ಟಾದಾಗ ಅಕ್ಕ ಚಾಪೆ, ತಟ್ಟೆ, ಲೋಟ ಹಿಡಿದು ಶೆಡ್ಡಿಗೆ ಹೋದಳು. ಕಾಂಪೌಂಡಿನ ಬಳಿ ಬಂದು ನನಗೆ ಮೆಲ್ಲಗೆ ಹೇಳಿದಳು: "ಗಿಡದ ಯೋಚ್ನೇಲಿ ಈ ಯೋಚ್ನೆ ಬರ್ಲೇ ಇಲ್ಲ ನೋಡು."

ಅವಳು ಸುಮ್ಮನೆ ಒಪ್ಪಿದವಳಲ್ಲ. ಗಾರೆಯವನನ್ನು ಕರೆಸಿ, ಉಳಿದಿದ್ದ ಎರಡು ಶೀಟುಗಳನ್ನು ನಡುವಿನ ಸಂದಿಗೆ ಹೊದಿಸಿದಳು. ಸೂರಿಗೆ ಸೂರು ತಾಗಿತು. ಪದ್ಧತಿಯ ಲೆಕ್ಕದಲ್ಲೇ ಶೆಡ್ಡು ಈಗ ಮನೆಯ ಭಾಗ, ಅಲ್ಲಿ ಕೂರಿಸುವಂತಿಲ್ಲ. ಅತ್ತೆ ಜಗಳವಾಡಲಿಲ್ಲ. ಆ ಮನೆಯಲ್ಲಿ ಊಟ ಬಿಟ್ಟರು. ಗಂಡ ಡ್ಯೂಟಿ ಮುಗಿಸಿ ಬಂದವನು ಬೂಟು ಸಹ ಬಿಚ್ಚದೆ ಏಣಿ ಹಾಕಿ ಶೀಟು ಕಿತ್ತ. ನಾನು ನೋಡುತ್ತಿರುವುದನ್ನು ಕಂಡು, "ಅವ್ವ ಇರೋಗಂಟ ಅಷ್ಟೇ ಕಣಮ್ಮ" ಎಂದ.

ಅತ್ತೆ ಹಟ್ಟಿಗೆ ಮರಳದೆ ಅಲ್ಲೇ ಉಳಿದರು. ಶೆಡ್ಡಿನ ಸಾಮಾನು ಒಂದೊಂದಾಗಿ ಹೊರಗೆ ಬಂತು. ಮೈಲಿಗೆಯ ಜಾಗದಲ್ಲಿದ್ದ ಗುದ್ದಲಿಯಿಂದ ವೀಳ್ಯದೆಲೆಯ ಬುಡ ಕೆದಕಬಾರದು, ಅಲ್ಲಿಟ್ಟ ಬೀಜ ಬಿತ್ತಬಾರದು. ಸೀಸೆಗಳು ಮೆಟ್ಟಿಲ ಕೆಳಗೆ ಹೋದವು, ಹುಳ ಹಿಡಿದವು. ಹಿಂಡಿ ತರುವುದು ನಿಂತಿತು. ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನ ಆಕಾರಗಳು ಮಾತ್ರ ಉಳಿದವು. ಅವುಗಳ ಕೆಳಗೆ ಅಕ್ಕ ತಿಂಗಳು ತಿಂಗಳು ಒರಗಿ ಕೂರುತ್ತಿದ್ದಳು...

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ಇನ್ನು ಗುದ್ದಲಿ ತನ್ನ ಮೊಳೆಗೆ ವಾಪಸು ಬರುತ್ತದೆಂದು ನಾನು ತಿಳಿದಿದ್ದೆ. ತಿಥಿ ಕಳೆದ ತಿಂಗಳು ಅಕ್ಕ ಮತ್ತೆ ಚಾಪೆ ಹಿಡಿದು ಹೊರಟಳು. ಯಾಕೆ ಎಂದು ಕೇಳಿದೆ.

"ಈಗ ಬಿಟ್ರೆ, ಅತ್ತೆ ಸಾಯ್ಲಿ ಅಂತ ಕಾಯ್ತಿದ್ಲು ಅಂತಾರೆ ಕಣೆ."

"ಯಾರು ಅಂತಾರೆ?"

ಅವಳು ಗಂಡನ ಹೆಸರು ಹೇಳಲಿಲ್ಲ, ಹಟ್ಟಿಯ ಹೆಸರೂ ಹೇಳಲಿಲ್ಲ. ಗಂಡನೂ ಅವ್ವ ಇರೋಗಂಟ ಅಷ್ಟೇ ಎಂದು ತಾನಾಡಿದ ಮಾತನ್ನು ನೆನೆಸಿಕೊಳ್ಳಲಿಲ್ಲ. ಅವಳು ಹೋಗುವುದನ್ನು ನೋಡುತ್ತ ಚಹ ಕುಡಿಯುತ್ತಿದ್ದ.

ಮಗಳು ದೊಡ್ಡವಳಾದಾಗ ಶೆಡ್ಡಿನಲ್ಲಿ ಚಾಪೆ ಹಾಸಿದವಳು ಅಕ್ಕನೇ. ಹುಡುಗಿ ಅಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಇವಳನ್ನಾದರೂ ಬಿಡು ಅಕ್ಕ ಎಂದೆ.

"ನಮ್ಮವ್ವ ನನ್ನ ಕೂರ್ಸಿದ್ದು ಜಾಲಿ ಬೇಲಿ ಪಕ್ಕ. ಇವ್ಳಿಗೇನು, ಸಿಮೆಂಟ್ ನೆಲ, ಕಿಟ್ಕಿ, ನಲ್ಲಿ... ಅರಮನೆ" ಎಂದಳು. ನನ್ನ ಮುಖ ನೋಡಲಿಲ್ಲ. ಆ ಮಾತನ್ನು ನಾವು ಮತ್ತೆ ಎತ್ತಲಿಲ್ಲ.

ಅಕ್ಕ ಹೋಗಿ ಈಗ ಎರಡನೇ ವರ್ಷ. ಜ್ವರವೆಂದು ಮಲಗಿದವಳು ಏಳಲಿಲ್ಲ. ಗಂಡ ಮನೆ ಬಾಡಿಗೆಗೆ ಕೊಟ್ಟು ಹಟ್ಟಿ ಸೇರಿದ. ಮಗಳನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದಾರೆ. ಹಿಂಡಿಯ ವಾಸನೆ ಕುಡಿದ ಆ ದಿನವೇ ಅವಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಹೊಸ ಮನೆಗೆ ಸ್ವಿಚ್ಚು, ವೈರು ಕೊಳ್ಳಲು ಬಂದಿದ್ದಳು.

"ಹಿತ್ತಲು ಬಿಟ್ಟಿದೀಯೇನೆ?" ಎಂದೆ.

"ಹಿತ್ಲೇ ಇಲ್ಲ ಆಂಟಿ. ಕಾಂಪೌಂಡ್‌ಗಂಟ ಕಟ್ಸೀನಿ. ಮನೆಯೋರು ಹಿಂದೆ ಒಂದೀಟು ಜಾಗ ಬಿಡನ ಅಂದ್ರು, ಗಿಡ ಹಾಕ್ಬಹುದು ಅಂತ. ನಾನು ಬಿಡ್ಲಿಲ್ಲ. ಜಾಗ ಇದ್ರೆ ತಾನೇ ಶೆಡ್ಡು ಏಳೋದು." ಆಮೇಲೆ ಕೇಳಿದಳು, "ಅವ್ವ ಬೈಯ್ತಿದ್ಲಲ್ಲ ಆಂಟಿ?"

ಬೈಯುತ್ತಿದ್ದಳು, ಖಂಡಿತ. ಒಂದು ಕರಿಬೇವಿಗೂ ಮಣ್ಣು ಉಳಿಸದೆ ಯಾರಾದರೂ ಮನೆ ಕಟ್ಟುತ್ತಾರೇನೆ ಎಂದು.

"ಸರಿ ಮಾಡ್ದೆ" ಎಂದೆ. ಮೊಳಕಾಲ್ಮೂರಿನ ಬಸ್ಸು ಬಂತು. ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಅವಳು ಹತ್ತಿದಳು. ತಾಯಿಯ ಕೈಯಿಂದ ಮಗಳಿಗೆ ಬರಬೇಕಾಗಿದ್ದ ಬೇಸಾಯ ಅಲ್ಲಿಗೆ ಮುಗಿದಿತ್ತು. ಅದನ್ನು ಮುಗಿಸದೆ ಆ ಹುಡುಗಿಗೆ ಬೇರೆ ದಾರಿಯಿರಲಿಲ್ಲ.