ಎರಡನೇ ಗೆರೆ

ಅನುಮಾನ ನನ್ನ ಹುಟ್ಟುಗುಣ. ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ದಿನಾ ಬೆರಳಿಗೆ ಹಚ್ಚಿ ನೋಡುವವಳು ನಾನು. ಬೊಮ್ಮಸಂದ್ರದ ನಮ್ಮ ಪುಟ್ಟ ಕಂಪನಿಯಲ್ಲಿ ಈ ಗುಣಕ್ಕೇ ಸಂಬಳ ಕೊಡುತ್ತಿದ್ದರು. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕನ್ನು ಪತ್ತೆ ಮಾಡುವ ಅಗ್ಗದ ಪರೀಕ್ಷಾ ಪಟ್ಟಿ ಮಾಡುತ್ತಿದ್ದೆವು. ಒಂದು ಗೆರೆ ಬಂದರೆ ಸೋಂಕಿಲ್ಲ, ಎರಡು ಬಂದರೆ ಇದೆ. ಮೊದಲ ಪಟ್ಟಿಗಳು ಮಾಕಳಿ ಕಡೆಯ ಬಸುರಿಯರಿಗೆ ಹೋಗಬೇಕಿತ್ತು. ತಾಯಿಗೆ ಸೋಂಕಿದೆ ಎಂದು ಮುಂಚೆಯೇ ಗೊತ್ತಾದರೆ ಹುಟ್ಟಿದ ಕೂಡಲೇ ಚುಚ್ಚುಮದ್ದು ಕೊಟ್ಟು ಮಗುವನ್ನು ಕಾಪಾಡಬಹುದು. ಗೊತ್ತಾಗದಿದ್ದರೆ ಮಗುವಿಗೂ ಅಂಟಿ ಬಾಳಿಡೀ ಉಳಿದುಬಿಡಬಹುದು.

ಪಟ್ಟಿ ಸುಳ್ಳು ಹೇಳುತ್ತದೆಯೇ ಎಂದು ನೋಡಲು ಸೋಂಕಿಲ್ಲದ ರಕ್ತ ಬೇಕಲ್ಲ? ಅದಕ್ಕೆ ನಮ್ಮ ಬೆರಳನ್ನೇ ಚುಚ್ಚಿಕೊಳ್ಳುವುದು ನಮ್ಮಲ್ಲಿ ರೂಢಿ. ಕೆಲಸಕ್ಕೆ ಸೇರುವಾಗಲೇ ಲಸಿಕೆ ಹಾಕಿಸಿಕೊಂಡವರು, ನಮ್ಮ ರಕ್ತಕ್ಕೇನು ದಾಡಿ? ಆ ಸಲದ ಸರದಿ ನನ್ನದು. ಎರಡನೇ ಗೆರೆ ತೆಳ್ಳಗೆ ಮೂಡಿತು. ಇನ್ನೊಂದು ಪಟ್ಟಿ ತೆಗೆದೆ, ಮತ್ತೊಂದು ತೆಗೆದೆ, ಎಲ್ಲದರಲ್ಲೂ ಅದೇ.

"ಸುಮ್ಸುಮ್ನೆ ಗೆರೆ ಬರ್ತಿದೆ ಸಾರ್, ಇದನ್ನ ಕಳ್ಸೋಕಾಗಲ್ಲ," ಎಂದು ಮ್ಯಾನೇಜರ್ ಮುಂದೆ ಕೂಗಾಡಿದೆ. ಪಟ್ಟಿಯ ಕಾಗದ ಪೂರೈಸುವವರ ಮೇಲೆ ಅನುಮಾನ, ಎಸಿ ಮೇಲೆ ಅನುಮಾನ. ಎಲ್ಲಕ್ಕಿಂತ ಹೆಚ್ಚು, ಪಟ್ಟಿಗೆ ಸವರುವ ದ್ರಾವಣ ಬೆರೆಸುವ ಗೆಳತಿಯ ಮೇಲೆ. ದಿನಾ ನನ್ನ ಜೊತೆ ಒಂದೇ ಬಸ್ಸಿನಲ್ಲಿ ಬರುವವಳು. ಅವಳು ಕೆಲಸ ಮಾಡುವಾಗ ಬೆನ್ನ ಹಿಂದೆ ನಿಂತು ಕಾವಲು ಕಾದೆ. "ಏನೇ, ಪೊಲೀಸ್ ಥರ ನಿಂತ್ಕೊಂಡಿದೀಯ?" ಎಂದು ನಕ್ಕಳು. ನಾನು ನಗಲಿಲ್ಲ.

ಕೊನೆಗೆ ನನ್ನ ಹಠಕ್ಕೆ ದ್ರಾವಣದ ಹದವನ್ನೇ ಬದಲಿಸಿದರು. ನನ್ನ ರಕ್ತಕ್ಕೆ ಒಂದೇ ಗೆರೆ ಬರುವ ತನಕ ಪಟ್ಟಿಯನ್ನು ಮೊಂಡು ಮಾಡುತ್ತ ಹೋದೆವು. ಸೋಂಕು ಜೋರಾಗಿರುವ ರಕ್ತಕ್ಕೆ ಎರಡು ಗೆರೆ ಬರುತ್ತಲೇ ಇತ್ತು, ಹಾಗಾಗಿ ಎಲ್ಲರಿಗೂ ಸಮಾಧಾನ. ಮಾಕಳಿಯ ಪೆಟ್ಟಿಗೆಗಳು ಸಿದ್ಧವಾದವು, ವಾರದ ಕೊನೆಗೆ ವ್ಯಾನು ಬರಬೇಕಿತ್ತು.

ನನಗೆ ಮಾತ್ರ ಸಮಾಧಾನವಿಲ್ಲ. ತಪ್ಪು ದ್ರಾವಣ ಬೆರೆಸಿದ ಗೆಳತಿಯದೇ ಎಂದು ತೋರಿಸಬೇಕಿತ್ತು; ಅವಳ ರಕ್ತಕ್ಕೂ ಎರಡು ಗೆರೆ ಬಂದರೆ ಸಾಕಿತ್ತು. ತಳ್ಳಿಹಾಕಿದ್ದ ಹಳೆಯ ಪಟ್ಟಿ ತಂದು, "ನಿನ್ ಬೆರಳು ಕೊಡು," ಎಂದೆ. ಅವಳ ರಕ್ತಕ್ಕೆ ಒಂದೇ ಗೆರೆ. ಅವಳು ಅತ್ತ ಹೋದ ಮೇಲೆ ಇನ್ನೊಂದು ಪಟ್ಟಿಗೆ ನನ್ನ ರಕ್ತ ಹಾಕಿದೆ. ಎರಡು. ಇಷ್ಟು ದಿನ ನಾನು ಅನುಮಾನಿಸದೆ ಬಿಟ್ಟಿದ್ದು ನನ್ನ ರಕ್ತವೊಂದನ್ನೇ. ಹೊರಗಿನ ಲ್ಯಾಬೂ ಅದನ್ನೇ ಹೇಳಿತು: ಸೋಂಕು ಹಳೆಯದು, ಬಹುಶಃ ಲಸಿಕೆಗೂ ಮುಂಚಿನದು. ಲಸಿಕೆ ಹಾಕುವ ಮೊದಲು ನಮ್ಮನ್ನು ಯಾರೂ ಪರೀಕ್ಷಿಸಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನನ್ನಂಥದೇ ರಕ್ತವಿರುವ ಬಸುರಿಯೊಬ್ಬಳಿಗೆ ಆ ಮೊಂಡು ಪಟ್ಟಿ ಏನೂ ಇಲ್ಲ ಎಂದು ಹೇಳಿ ಮನೆಗೆ ಕಳಿಸುತ್ತಿತ್ತು. ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಪೆಟ್ಟಿಗೆಗಳು ವ್ಯಾನು ಹತ್ತಿದ ಬೆಳಿಗ್ಗೆ ಎಲ್ಲರೂ ಸೇರಿದ್ದಾಗಲೇ ಹೇಳಿಬಿಟ್ಟೆ: "ವ್ಯಾನ್ ನಿಲ್ಸಿ ಸಾರ್. ಹಳೇ ಪಟ್ಟಿ ಸರಿಯಾಗೇ ಇತ್ತು. ಸೋಂಕಿರೋದು ನನಗೆ."

ಮ್ಯಾನೇಜರ್ ಪೆಟ್ಟಿಗೆಗಳನ್ನು ಇಳಿಸಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಜೋಳದ ರೊಟ್ಟಿ ಮುರಿದು ಗೆಳತಿಯ ಕಡೆ ಚಾಚಿದೆ. ಒಟ್ಟಿಗೆ ಉಂಡರೆ ಈ ಸೋಂಕು ಹರಡುವುದಿಲ್ಲ ಎಂದು ಪೆಟ್ಟಿಗೆಯ ಮೇಲಿನ ಕನ್ನಡ ಸೂಚನೆ ಬರೆದವಳೇ ಅವಳು.

"ಯಾಕೋ ಹಸಿವಿಲ್ಲ ಕಣೇ," ಎಂದಳು. ಆಮೇಲೆ ಆಚೆ ಬೆಂಚಿಗೆ ಹೋಗಿ ತನ್ನ ಡಬ್ಬಿ ಬಿಚ್ಚಿದಳು.