ಬೂಟು ಹಾಕಿಕೊಂಡು ಬಾವಿಗೆ ಹಾರಿದ್ದು

ವಾಯುಪಡೆಯಲ್ಲಿ ವಿಮಾನ ಹಾರಿಸುವುದನ್ನು ಕಲಿಯಬೇಕಾದರೆ ಮೊದಲು ಈಜು ಬರಬೇಕು. ಅದೂ ಮೈತುಂಬ ಬಟ್ಟೆ, ಕಾಲಿಗೆ ಬೂಟು ಹಾಕಿಕೊಂಡೇ ನೀರಿಗೆ ಹಾರಬೇಕು ಎಂದು, ಅಲ್ಲಿಗೆ ಸೇರಲು ಹೊರಟಿದ್ದ ನನಗೆ ಸೀನಿಯರ್ ಒಬ್ಬ ಹೇಳಿದ್ದ. ಅಕ್ಕಿಆಲೂರಿನ ಕಡೆ ಈಜುಕೊಳ ಎಲ್ಲಿಂದ ತರಲಿ? ನಮ್ಮ ಹೊಲದ ಬಾವಿಯೇ ಗತಿ. ಒಂದು ಮಧ್ಯಾಹ್ನ ಲೇಸು ಬಿಗಿದುಕೊಂಡು ಧುಮುಕಿಯೇಬಿಟ್ಟೆ.

ತಲೆ ಮೇಲೆತ್ತುವಷ್ಟರಲ್ಲಿ ಹಗ್ಗವೊಂದು ಮುಖಕ್ಕೆ ಬಂದು ಬಡಿಯಿತು. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಗಂಗವ್ವ ದಂಡೆಯ ಮೇಲೆ ನಿಂತು ಚೀರುತ್ತಿದ್ದಳು.

"ಹಗ್ಗ ಹಿಡಿಯೋ ತಮ್ಮಾ! ಅಂಥಾದ್ದೇನಾತು? ಹುಡುಗಿ ಒಲ್ಲೆ ಅಂದ್ಲೇನು?"

"ಈಜಾಕತ್ತೇನಿ ಬೇ ಯವ್ವಾ!"

"ಈಜೋರು ಅರಿವಿ ಬಿಚ್ಚಿಟ್ಟು ಹಾರತಾರ. ಅರಿವಿ ಸಮೇತ ಹಾರೋರು ಯಾಕ ಹಾರತಾರಂತ ನನಗ ಗೊತ್ತಿಲ್ಲೇನು?"

ಹಗ್ಗ ಹಿಡಿದು ಮೇಲೆ ಬಂದೆ. ವಿಮಾನ ಸಮುದ್ರಕ್ಕೆ ಬಿದ್ದರೆ ಬಟ್ಟೆ ಬಿಚ್ಚಲು ಪುರುಸೊತ್ತು ಎಲ್ಲಿರುತ್ತದೆ ಎಂದು ತಿಳಿಸಿ ಹೇಳಿದೆ. ಗಂಗವ್ವ ಗಲ್ಲಕ್ಕೆ ಕೈಯಿಟ್ಟು ಕೇಳಿದಳು:

"ಹಾರೂದಕ್ಕಿಂತ ಮೊದ್ಲ ಬೀಳೂದು ಕಲಸ್ತಾರೇನು?"

ಮರುದಿನದಿಂದ ನಾನು ಹಾರುವಾಗಲೆಲ್ಲ ಕೆಲಸ ಬಿಟ್ಟು ಬಂದು ಹಗ್ಗ ಹಿಡಿದು ಕೂರುತ್ತಿದ್ದಳು.

ಮುಂದೆ ತರಬೇತಿಯ ಕೊಳಕ್ಕೆ ಬೂಟು ಹಾಕಿಕೊಂಡು ಹಾರಿದೆ. ಯಾರೂ ಚೀರಲಿಲ್ಲ. ತುಸು ಬೇಜಾರೇ ಆಯಿತು.